ಪಾಲಿಲಾಕ್ ರಾಕರ್ ನಟ್: ಇದು ಹಾಕಿದ್ಮೇಲೂ ಟಕ್ ಟಕ್ ನಿಲ್ಲಲಿಲ್ಲ ಅಂದ್ರೆ ಹುಡುಕ್ಬೇಕಾದ ಜಾಗ ಬೇರೆ

ಸ್ಮಾಲ್ ಬ್ಲಾಕ್ ಷೆವಿ 350 ಇಂಜಿನ್ನಿಗೆ (ಷೆವರ್ಲೆಯ V8) ಪಾಲಿಲಾಕ್ ಸೆಟ್, ಅಂದ್ರೆ ವಾಲ್ವ್ ಒತ್ತಿ ತೆರೆಯೋ ರಾಕರ್ ತೋಳನ್ನ ಹಿಡಿಯೋ ಲಾಕ್ ನಟ್‌ಗಳನ್ನ, ಹಾಕಿ ಚೆನ್ನಾಗೇ ಓಡ್ಸಿದೀನಿ, ಹಾಗಾಗಿ ಧೈರ್ಯವಾಗಿ ಹೇಳ್ತೀನಿ, ತಗೊಳ್ಳಿ. ಆದ್ರೆ ಮೊದ್ಲು ನಿಮ್ಮ ಸ್ಟಡ್ಡಿನ (ಈ ನಟ್ ಕೂರೋ ಬೋಲ್ಟ್) ತಲೆ ಹೇಗಿದೆ ನೋಡ್ಕೊಳ್ಳಿ, ಯಾಕೆ ಅಂತ ಮುಂದೆ ಬರುತ್ತೆ.

ಇಂಜಿನ್ ಜೊತೆ ಬರೋ ನಟ್ಟಲ್ಲಿ ಥ್ರೆಡ್ಡನ್ನ ಒಂಚೂರು ಅಮುಕಿರ್ತಾರೆ, ಆ ಬಿಗಿಯಿಂದ್ಲೇ ಅದು ಸ್ಟಡ್ ಮೇಲೆ ನಿಲ್ಲೋದು, ಬೇರೆ ಲಾಕ್ ಅಂತ ಏನೂ ಇಲ್ಲ. ಸಾಧಾರಣ ಓಡಾಟಕ್ಕೆ ಅದು ಸಾಕು. ಆದ್ರೆ ದೊಡ್ಡ ಕ್ಯಾಮ್ (ವಾಲ್ವ್ ತೆರೆಸೋ ಉಬ್ಬುಗಳಿರೋ ಶಾಫ್ಟ್), ಗಟ್ಟಿ ಸ್ಪ್ರಿಂಗ್ ಹಾಕ್ಕೊಂಡು, ಪದೇ ಪದೇ ಬಿಚ್ಚಿ ಅಡ್ಜಸ್ಟ್ ಮಾಡ್ತಾ ಇದ್ರೆ ಆ ಬಿಗಿ ಸವೆದು ಹೋಗುತ್ತೆ, ಸ್ಪ್ಯಾನರಿಗೂ ಒದ್ದಾಡ್ಸ್ತಿದ್ದ ನಟ್ ಬೆರಳಲ್ಲೇ ತಿರುಗೋಕೆ ಶುರು, ಆಮೇಲೆ ಜಾಸ್ತಿ ಆರ್‌ಪಿಎಂ ಕೊಟ್ಟಾಗೆಲ್ಲ ತಾನಾಗೇ ಮೇಲಕ್ಕೆ ಬರುತ್ತೆ, ರಾಕರ್ ಸಡಿಲ ಆಗುತ್ತೆ, ಟ್ಯಾಪೆಟ್ ಸೌಂಡ್ ಬರುತ್ತೆ, ಇನ್ನೂ ಬಿಟ್ರೆ ಪುಶ್‌ರಾಡ್ (ಕೆಳಗಿಂದ ರಾಕರನ್ನ ತಳ್ಳೋ ಕಡ್ಡಿ) ತನ್ನ ಕಪ್ಪಿಂದ ಹೊರಗೆ ಬಿದ್ದು ಆ ಸಿಲಿಂಡರ್ ಸುಮ್ನಾಗ್ಬಿಡುತ್ತೆ.

ಪಾಲಿಲಾಕ್ ಅಂದ್ರೆ ಉದ್ದನೆಯ ನಟ್, ಒಳಗೆ ಮೇಲಿಂದ ಒಂದು ಅಲನ್ ಸ್ಕ್ರೂ. ನಟ್ಟಲ್ಲಿ ಗ್ಯಾಪ್ (ರಾಕರಿಗೂ ವಾಲ್ವಿಗೂ ನಡುವಿನ ಸಂದು) ಸೆಟ್ ಮಾಡೋದು, ಅಲನ್ ಸ್ಕ್ರೂ ಇಳ್ಸಿ ಸ್ಟಡ್ಡಿನ ತಲೆಗೆ ಒತ್ತೋದು, ಎರಡೂ ಒಂದನ್ನೊಂದು ಕಚ್ಕೊಂಡು ನಿಲ್ತವೆ. ಇದ್ರಲ್ಲೊಂದು ಕೈಚಳಕ ಇದೆ. ಮೊದ್ಲು ಗ್ಯಾಪ್ ಒಂಚೂರು ಲೂಸಾಗೇ ಇಟ್ಟು ಅಲನ್ ಸ್ಕ್ರೂ ಬಿಗಿ ಮಾಡಿ, ಆಮೇಲೆ ನಟ್ಟು ಸ್ಕ್ರೂ ಎರಡನ್ನೂ ಒಟ್ಟಿಗೆ ಒಂದು ಸುತ್ತಿನ ಹದಿನಾರನೇ ಒಂದು ಭಾಗದಷ್ಟು ಬಿಗಿ ಕಡೆಗೇ ತಿರುಗ್ಸಿ. ನಿಜವಾದ ಲಾಕ್ ಆಗೋದು ಆ ಕೊನೇ ತಿರುವಲ್ಲಿ. ಗ್ಯಾಪ್ ಆಮೇಲೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಹಾಕಿ ಇನ್ನೊಂದ್ಸಲ ನೋಡ್ಲೇಬೇಕು. ಹೈಡ್ರಾಲಿಕ್ ಲಿಫ್ಟರ್ (ಆಯಿಲ್ ಒತ್ತಡದಿಂದ ತಾನೇ ಗ್ಯಾಪ್ ತುಂಬ್ಕೊಳ್ಳೋದು) ಆದ್ರೆ ಫೀಲರ್ ಗೇಜ್ ಬೇಡ, ಗ್ಯಾಪ್ ಸೊನ್ನೆ ಆದ್ಮೇಲೆ ಸುಮಾರು ಅರ್ಧ ಸುತ್ತು ಪ್ರೀಲೋಡ್ (ಇನ್ನೂ ಬಿಗಿ ಮಾಡೋದು), ಆ ಕೊನೇ ತಿರುವೂ ಸೇರಿ.

ಈಗ ಸ್ಟಡ್ ತಲೆ ವಿಷಯ. ಹಳೇ ಹೆಡ್ಡಲ್ಲಿರೋ ಪ್ರೆಸ್ ಫಿಟ್ (ಥ್ರೆಡ್ ಇಲ್ದೆ ಒತ್ತಿ ಕೂರ್ಸಿರೋ) ಸ್ಟಡ್ಡಿನ ತಲೆ ಎಷ್ಟೋ ಸಲ ಸಮತಟ್ಟಾಗಿರಲ್ಲ. ಅಲನ್ ಸ್ಕ್ರೂ ಅದರ ಮೇಲೆ ಪೂರ್ತಿ ಕೂರದೆ ಒಂದು ಅಂಚಲ್ಲಿ ಮಾತ್ರ ಒತ್ತಿದ್ರೆ ಲಾಕ್ ಆದಂಗೆ ಕಾಣುತ್ತೆ, ಆಗಿರಲ್ಲ. ಪಾಲಿಲಾಕ್ ಲೂಸಾಗುತ್ತೆ ಅಂತ ಬೈಯೋರು ಮೊದ್ಲು ಇದನ್ನ ನೋಡ್ಬೇಕು. ಅಳತೇನೂ ಅಷ್ಟೇ, 3/8 ಇಂಚಿಂದು ಬೇರೆ, 7/16 ದು ಬೇರೆ, ರೋಲರ್ ರಾಕರ್‌ಗೆ ಬರೋ ನಟ್ಟಿನ ಆಕಾರಾನೇ ಬೇರೆ. ಪಾಲಿಲಾಕ್ ಎತ್ತರ ಜಾಸ್ತಿ ಇರೋದ್ರಿಂದ ಗಿಡ್ಡ ವಾಲ್ವ್ ಕವರ್ ಆದ್ರೆ ಒಳಗಿನ ತಗಡಿಗೆ ತಾಗುತ್ತೆ, ಆ ತಾಗೋ ಸದ್ದೂ ಟ್ಯಾಪೆಟ್ ಸದ್ದಿನ ಥರಾನೇ ಇರುತ್ತೆ, ಹುಷಾರು.

ನಂಗೆ ಇದು ಇಷ್ಟ ಆಗಿರೋದು ಬರೀ ಗಟ್ಟಿ ನಿಲ್ಲುತ್ತೆ ಅಂತಲ್ಲ. ನಟ್ ಮೇಲಿನ ಅನುಮಾನ ಪೂರ್ತಿ ಹೋಗ್ಬಿಡುತ್ತೆ ನೋಡಿ, ಅದು ದೊಡ್ಡ ಲಾಭ. ಲಾಕ್ ಸರಿಯಾಗಿ ಕೂತಿದ್ದೂ ಅದೇ ವಾಲ್ವಿನ ಗ್ಯಾಪ್ ಮತ್ತೆ ಮತ್ತೆ ಜಾಸ್ತಿ ಆಗ್ತಿದ್ರೆ ಕೆಳಗಡೆ ಏನೋ ಸವೀತಿದೆ ಇಲ್ಲಾ ಜರುಗ್ತಿದೆ ಅಂತರ್ಥ. ನೇರ ಪಟ್ಟಿಯೊಂದನ್ನ ಸ್ಟಡ್‌ಗಳ ತಲೆ ಮೇಲೆ ಇಟ್ಟು ನೋಡಿ (ನಟ್ ಬಿಚ್ಚಿ), ಒಂದು ಸ್ಟಡ್ ಮಾತ್ರ ಎತ್ತರ ಇದ್ರೆ ಅದು ಹೆಡ್ಡಿಂದ ಮೇಲೆ ಎದ್ದು ಬರ್ತಿದೆ, ಅದಕ್ಕೆ ಸ್ಕ್ರೂ ಇನ್ ಸ್ಟಡ್ಡೇ ಗತಿ. ಸ್ಟಡ್ ಸರಿ ಇದ್ರೆ ಪುಶ್‌ರಾಡ್ ತೆಗೆದು ಗಾಜಿನ ಮೇಲೆ ಉರುಳ್ಸಿ, ಬಗ್ಗಿದ್ರೆ ಕುಣಿಯುತ್ತೆ. ಅದೂ ಸರಿ ಇದೆ ಅಂದ್ರೆ ಡಯಲ್ ಗೇಜ್ ಇಟ್ಟು ಲಿಫ್ಟ್ (ವಾಲ್ವ್ ಎಷ್ಟು ತೆರೆಯುತ್ತೆ ಅನ್ನೋದು) ಅಳೀರಿ, ಬೇರೆ ಸಿಲಿಂಡರ್‌ನ ಅದೇ ಥರದ ವಾಲ್ವಿಗಿಂತ ಕಮ್ಮಿ ಬಂದ್ರೆ ಕ್ಯಾಮ್ ಲೋಬ್ (ಕ್ಯಾಮಿನ ಉಬ್ಬು) ಸವೆದು ಹೋಗಿದೆ. ಇದು ನಿಜಕ್ಕೂ ಬೇಜಾರಿನ ಸುದ್ದಿ, ಯಾಕಂದ್ರೆ ಆ ಪುಡಿ ಎಲ್ಲಾ ಆಯಿಲ್ ಜೊತೆ ಬೇರಿಂಗಿಗೆ ಹೋಗಿರುತ್ತೆ. ಗ್ಯಾಪ್ ಜಾಸ್ತಿ ಆಗೋ ಬದ್ಲು ಕಮ್ಮಿ ಆಗ್ತಾ ಇದ್ರೆ ವಾಲ್ವ್ ಸೀಟಿನ ಒಳಕ್ಕೆ ಇಳೀತಿದೆಯಾ ನೋಡಿ.

ಗ್ಯಾಪ್ ಎಲ್ಲಾ ಸರಿ ಇದ್ದೂ ಸದ್ದು ಮಾತ್ರ ಬರ್ತಿದ್ರೆ ಎಕ್ಸಾಸ್ಟ್ ಗ್ಯಾಸ್ಕೆಟ್ ನೋಡಿ. ಕ್ಯಾಮ್ ತಿರುಗೋದು ಕ್ರ್ಯಾಂಕಿನ ಅರ್ಧ ಸ್ಪೀಡಲ್ಲಿ, 800 ಆರ್‌ಪಿಎಂ ಐಡಲ್ಲಲ್ಲಿ ಒಂದು ವಾಲ್ವ್ ನಿಮಿಷಕ್ಕೆ 400 ಸಲ ತೆರೆಯುತ್ತೆ, ಆದ್ರೆ ಒಂದು ಸಿಲಿಂಡರ್‌ನ ಎಕ್ಸಾಸ್ಟ್ ಲೀಕೂ ಅದೇ ಲೆಕ್ಕದಲ್ಲೇ ಟಕ್ ಅನ್ನುತ್ತೆ, ಹಾಗಾಗಿ ತಾಳ ಕೇಳಿ ಕಂಡುಹಿಡಿಯೋಕಾಗಲ್ಲ. ಇಂಜಿನ್ ಬಿಸಿ ಆಗ್ತಾ ಆಗ್ತಾ ಸದ್ದು ಇಳಿದ್ರೆ ಲೀಕ್ ಮೇಲೆ ಅನುಮಾನ ಇಡಿ, ಮೆಕ್ಯಾನಿಕ್ ಸ್ಟೆತಸ್ಕೋಪ್ ಇದ್ರೆ ವಾಲ್ವ್ ಕವರ್ ಮೇಲೂ ಮ್ಯಾನಿಫೋಲ್ಡ್ ಹತ್ರಾನೂ ಇಟ್ಟು ಕೇಳಿ, ಎಲ್ಲಿ ಜೋರು ಅಂತ ತಕ್ಷಣ ಗೊತ್ತಾಗುತ್ತೆ.

ನಟ್ಟಿಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಟ್ ಮಾಡಿದ್ದು ಯಾಕಂದ್ರೆ ಸ್ಟಡ್ ತಲೆ ಸಮತಟ್ಟಾಗಿರ್ಬೇಕು ಅನ್ನೋದನ್ನ ಪ್ಯಾಕೆಟ್ ಮೇಲೆ ಎಲ್ಲೂ ಹಾಕಿಲ್ಲ.