ಟರ್ಬೈನ್ ಬೇರಿಂಗಿನ ಸವೆತಕ್ಕೊಂದು ಡೆಪ್ತ್ ಮೈಕ್ರೋಮೀಟರ್

ಹಡಗಿನ ಉಗಿ ಟರ್ಬೈನಿನ ಬೇರಿಂಗ್‌ಗಳ ಸವೆತವನ್ನು ನೋಡಲು, 150 ಮಿ.ಮೀ. ಆಳದವರೆಗೆ ಅಳೆಯುವ, ಬದಲಿಸಿ ಹಾಕುವ ಬೇರೆಬೇರೆ ಉದ್ದದ ಆರು ಕಡ್ಡಿಗಳ ಡೆಪ್ತ್ ಮೈಕ್ರೋಮೀಟರ್ ಒಂದನ್ನು ಬಳಸುತ್ತಿದ್ದೇನೆ. ಉಪಕರಣ ನಂಬಿಕೆಗೆ ಅರ್ಹವಾಗಿದೆ. ಆದರೆ ಅದರ ಕಡ್ಡಿಗಳ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ.

ಟರ್ಬೈನಿನ ತಿರುಗುವ ಭಾಗವಾದ ರೋಟರಿನ ಭಾರವನ್ನು ಹೊರುವುದು ಬೇರಿಂಗಿನ ಕೆಳ ಅರ್ಧದ ವೈಟ್ ಮೆಟಲ್, ಅಂದರೆ ಒಳಮೈಗೆ ಹಚ್ಚಿದ ಮೆತ್ತನೆಯ ಲೋಹ. ಅದು ಸವೆದಷ್ಟೂ ಶಾಫ್ಟ್ ಕೆಳಗಿಳಿಯುತ್ತದೆ. ಶಾಫ್ಟಿನ ಮೇಲೆ ಸೇತುವೆಯಂತೆ ಕೂರಿಸುವ ಬ್ರಿಡ್ಜ್ ಗೇಜಿನಿಂದ ಇದನ್ನು ಅಳೆಯಬೇಕಾದರೆ ಬೇರಿಂಗಿನ ಮೇಲಿನ ಅರ್ಧವನ್ನು ಬಿಚ್ಚಿ, ಸಂದಿಗೆ ಫೀಲರ್ ಎಂಬ ತೆಳು ಅಳತೆಪಟ್ಟಿ ತೂರಿಸಬೇಕು, ಅದರ ಬಿಗಿಯೂ ಒಬ್ಬೊಬ್ಬರ ಕೈಗೆ ಒಂದೊಂದು ಬಗೆ. ಬೇರಿಂಗ್ ಕ್ಯಾಪಿನಲ್ಲಿ ಅಳತೆಗೆಂದೇ ರಂಧ್ರವಿರುವ ಟರ್ಬೈನುಗಳಲ್ಲಿ ಈ ಮೈಕ್ರೋಮೀಟರಿನ ಕಡ್ಡಿಯನ್ನು ಅಲ್ಲಿ ಇಳಿಸಿ, ಶಾಫ್ಟಿನವರೆಗಿನ ಆಳವನ್ನು ಓದಿ, ಬೇರಿಂಗ್ ಕೂಡಿಸಿದಾಗ ದಾಖಲಿಸಿದ ಅಳತೆಯನ್ನು ಅದರಿಂದ ಕಳೆದರೆ ಸವೆತ ಸಿಗುತ್ತದೆ. ರೋಟರ್ ಪೂರ್ತಿ ನಿಂತಿರಬೇಕು, ಯಂತ್ರ ತಣ್ಣಗಾಗಿರಬೇಕು.

ಮೈಕ್ರೋಮೀಟರಿನ ಅಡಿಪಟ್ಟಿ ಅಲುಗಾಡದೆ ಕೂರುತ್ತದೆ, ರ್‍ಯಾಚೆಟ್ (ಒತ್ತಡ ಮಿತಿಮೀರದಂತೆ ತಡೆಯುವ ತಿರುಪು) ಹಗುರವಾಗಿ ಜಾರುತ್ತದೆ. ಮೂರು ಬಾರಿ ಟಕ್ಕೆಂದ ಮೇಲೆ ಓದಿದರೆ ಪ್ರತಿ ಸಲವೂ 0.01 ಮಿ.ಮೀ. ಒಳಗೇ ಅಳತೆ ಹೊಂದುತ್ತದೆ. ಗೆರೆಗಳು ಆಳವಾಗಿ ಕೊರೆದಿರುವುದರಿಂದ ಎಣ್ಣೆಗೈಯಲ್ಲಿ ಹಿಡಿದರೂ ಮಸುಕಾಗುವುದಿಲ್ಲ. ಅಂಕಿಗಳು ಸಾಮಾನ್ಯ ಮೈಕ್ರೋಮೀಟರಿಗೆ ತಿರುವುಮುರುವಾಗಿರುತ್ತವೆ, ಅಂದರೆ ಥಿಂಬಲ್ (ತಿರುಗಿಸುವ ಕೊಳವೆ) ಮುಚ್ಚಿಕೊಂಡ ಭಾಗವನ್ನೇ ಓದಬೇಕು. ಹೊಸಬರು ಎಡವುವುದು ಇಲ್ಲಿಯೇ.

ಇನ್ನು ಕಡ್ಡಿಗಳ ವಿಷಯ. ಒಮ್ಮೆ ಹೈ ಪ್ರೆಷರ್ ಟರ್ಬೈನಿನ ಮುಂದಿನ ಬೇರಿಂಗಿನಲ್ಲಿ 0.03 ಮಿ.ಮೀ. ಸವೆತ ಕಂಡಿತು. ಕ್ಯಾಪ್ ಬಿಚ್ಚಲು ಸ್ಪ್ಯಾನರ್ ತರಿಸಿದ ಮೇಲೆ ಸಂಶಯ ಬಂದು, ಮೈಕ್ರೋಮೀಟರನ್ನು ಸಮತಟ್ಟಾದ ಸರ್ಫೇಸ್ ಪ್ಲೇಟಿನ ಮೇಲೆ ನಿಖರ ಅಳತೆಯ ಲೋಹದ ತುಂಡುಗಳಾದ ಗೇಜ್ ಬ್ಲಾಕುಗಳಿಗೆ ಹೋಲಿಸಿ ನೋಡಿದೆ: ಕಡ್ಡಿಯ ತಲೆಯಲ್ಲಿರುವ ಹೊಂದಾಣಿಕೆಯ ನಟ್ ಸಡಿಲಗೊಂಡು ಕಡ್ಡಿಯೇ ಅಷ್ಟು ಸರಿದಿತ್ತು. ಸವೆತ ಬೇರಿಂಗಿನಲ್ಲಿ ಇರಲೇ ಇಲ್ಲ. ನೂರರಲ್ಲೊಂದು ಮಿಲಿಮೀಟರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಉಪಕರಣದಲ್ಲಿ ಆ ನಟ್ಟಿಗೆ ಭದ್ರವಾದ ಲಾಕ್ ಇಲ್ಲದಿರುವುದು ತಯಾರಕರ ದೊಡ್ಡ ಲೋಪ. ಈಗ ನಾನು ಪ್ರತಿ ಬೇರಿಂಗಿಗೂ ಒಂದೇ ಕಡ್ಡಿಯನ್ನು ಮೀಸಲಿಟ್ಟು, ಅಳತೆಯ ಮೊದಲೂ ನಂತರವೂ ಬ್ಲಾಕಿಗೆ ಹೋಲಿಸಿ, ಕಡ್ಡಿಯ ಸಂಖ್ಯೆಯನ್ನು ರೀಡಿಂಗಿನ ಪಕ್ಕದಲ್ಲೇ ಬರೆಯುತ್ತೇನೆ.

ಈ ಮೈಕ್ರೋಮೀಟರ್ ಹೇಳುವುದು ಶಾಫ್ಟ್ ಎಷ್ಟು ಇಳಿದಿದೆ ಎಂಬುದನ್ನು ಮಾತ್ರ. ಪಕ್ಕದ ಸವೆತ, ವೈಟ್ ಮೆಟಲಿನ ಬಿರುಕು, ಬಿಸಿಗೆ ಲೋಹ ಒರೆಸಿಹೋಗಿರುವುದು ಇದಕ್ಕೆ ಕಾಣುವುದಿಲ್ಲ. ಅಳತೆ ಸರಿಯಿದ್ದರೂ ಎಣ್ಣೆಯ ಉಷ್ಣತೆ ಏರುತ್ತಿದ್ದರೆ ಕೆಳ ಅರ್ಧವನ್ನು ಹೊರತೆಗೆದು ಕಣ್ಣಾರೆ ನೋಡಲೇಬೇಕು.