ಗದಗ–ಹುಬ್ಬಳ್ಳಿ ರೈಲಿನಲ್ಲಿ ಎರಡೂವರೆ ವರ್ಷ: ನಿಂಟೆಂಡೊ ಸ್ವಿಚ್ ಓಎಲ್‌ಇಡಿ ಜೊತೆಗಿನ ನನ್ನ ಅನುಭವ

ನಿಂಟೆಂಡೊ ಸ್ವಿಚ್ ಅಂದರೆ ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರ. ಅದರ ಮೇಲಂಚಿನ ಎಡಗಡೆ ಕಡಲೆಕಾಳಿನಷ್ಟು ಒಂದು ಗುಂಡಿ ಇದೆ. ನಾನು ಈ ವಿಮರ್ಶೆ ಬರೆಯಲು ಕೂತದ್ದೇ ಆ ಗುಂಡಿಯ ಸಲುವಾಗಿ. ಪರದೆ ಎಷ್ಟು ಇಂಚು, ಒಳಗೆ ಯಾವ ಚಿಪ್ಪು ಅನ್ನುವುದೆಲ್ಲ ನೀವು ಈಗಾಗಲೇ ನೋಡಿರುತ್ತೀರಿ, ಅದನ್ನು ಬಿಡುತ್ತೇನೆ. ಆ ಗುಂಡಿ ಒತ್ತಿದರೆ ಆಟ ಇದ್ದಲ್ಲೇ ನಿಲ್ಲುತ್ತದೆ. ಓಡುತ್ತಿದ್ದವನು ಒಂದು ಕಾಲು ಎತ್ತಿದ್ದರೆ ಎತ್ತಿದ ಹಾಗೆಯೇ ನಿಲ್ಲುತ್ತಾನೆ. ಮೂರು ತಾಸು ಬಿಟ್ಟು ಮತ್ತೆ ಒತ್ತಿ, ಯಾವುದಾದರೂ ಒಂದೇ ಬಟನ್ನನ್ನು ಮೂರು ಸಲ ತಟ್ಟಿದರೆ ಎತ್ತಿದ ಕಾಲು ಕೆಳಗೆ ಬರುತ್ತದೆ. ಸೇವ್ ಮಾಡುವುದು, ಹೊರಗೆ ಬರುವುದು, ಮತ್ತೆ ಲೋಡ್ ಆಗುವತನಕ ಕಾಯುವುದು, ಯಾವುದೂ ಇಲ್ಲ.

ಇದರಲ್ಲೇನು ದೊಡ್ಡದು ಅಂತ ಕೇಳಬಹುದು. ನನ್ನ ದಿನ ಹೇಗೆ ಹೋಗುತ್ತದೆ ಅಂತ ಹೇಳಿದರೆ ಗೊತ್ತಾಗುತ್ತದೆ. ಮನೆ ಗದಗ, ಕೆಲಸ ಹುಬ್ಬಳ್ಳಿಯ ಒಂದು ಲೆಕ್ಕಪತ್ರದ ಆಫೀಸಿನಲ್ಲಿ. ಬೆಳಿಗ್ಗೆ ರೈಲು, ಸಂಜೆ ರೈಲು, ಗಾಡಿ ನೋಡಿ ಒಂದು ತಾಸು ಇಲ್ಲವೇ ಒಂದೂಕಾಲು ತಾಸು. ಮನೆಯಲ್ಲಿ ಒಳ್ಳೆಯ ಪಿಸಿ ಇದೆ. 2020ರಲ್ಲಿ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಒಂದೊಂದೇ ಬಿಡಿಭಾಗ ಆರಿಸಿ ಕೂಡಿಸಿದ್ದು, ಈಗಲೂ ಪ್ರೀತಿಯ ವಸ್ತು. ಆದರೆ ಎಂಟು ತಾಸು ಟ್ಯಾಲಿ ಮುಂದೆ ಕೂತು ಬಂದವನಿಗೆ ಮತ್ತೊಂದು ಕುರ್ಚಿ, ಮತ್ತೊಂದು ಮಾನಿಟರು ಅಂದರೆ ಬೆನ್ನು ಒಪ್ಪುವುದಿಲ್ಲ. ಕೂತರೂ ಹತ್ತು ನಿಮಿಷಕ್ಕೆ ಅವ್ವ ಕರೆಯುತ್ತಾಳೆ: "ಗ್ಯಾಸ್ ಬಂದೈತಿ, ಲಗೂ ಬಾ." ಮೊದಲೆಲ್ಲ "ತಡಿ, ಸೇವ್ ಮಾಡಿ ಬರ್ತೀನಿ" ಅನ್ನುತ್ತಿದ್ದೆ. ಆ ಮಾತಿಗೆ ಮನೆಯಲ್ಲಿ ಎಷ್ಟು ಸಲ ಮುಖ ಕೆಟ್ಟಿದೆಯೋ ಲೆಕ್ಕವಿಲ್ಲ. ಈಗ ಗುಂಡಿ ಒತ್ತಿ ಎದ್ದು ಹೋಗುತ್ತೇನೆ.

2023ರ ಜೂನ್‌ನಲ್ಲಿ ಇದನ್ನು ತರಿಸಿದೆ. ನಿಂಟೆಂಡೊ ಆಗ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರುತ್ತಿರಲಿಲ್ಲ, ಹೊರಗಿನಿಂದ ತರಿಸಿ ಮಾರುವ ಬೆಂಗಳೂರಿನ ಅಂಗಡಿಯೊಂದಕ್ಕೆ 29,500 ರೂ. ಕಟ್ಟಿ ಕೊರಿಯರ್‌ನಲ್ಲಿ ಪಡೆದೆ. ಪಿಸಿ ಆಟಗಳನ್ನೇ ಕೈಯಲ್ಲಿ ಆಡಬಹುದಾದ ಸ್ಟೀಮ್ ಡೆಕ್ ನೋಡಿದ್ದೆ, ಅದೂ ಇಲ್ಲಿ ಅಧಿಕೃತವಾಗಿ ಸಿಗುತ್ತಿರಲಿಲ್ಲ, ತೂಕವೂ 669 ಗ್ರಾಂ. ಏಸಸ್‌ನವರ ಅಂಥದ್ದೇ ಯಂತ್ರ ರಾಗ್ ಆಲೈ ಅದೇ ವರ್ಷ 69,990 ರೂಪಾಯಿಗೆ ಬಂತು, ನನ್ನ ಲೆಕ್ಕಕ್ಕೆ ಅದು ಮೀರಿದ ಮಾತು. ಸ್ವಿಚ್ ಎರಡೂ ಪಕ್ಕದ ಜಾಯ್‌ಕಾನ್, ಅಂದರೆ ಬಿಚ್ಚಿ ಕೂಡಿಸಬಹುದಾದ ಬಟನ್ ಹಿಡಿಕೆಗಳ ಸಮೇತ 420 ಗ್ರಾಂ. ದಿನಾ ಊಟದ ಡಬ್ಬಿ, ನೀರಿನ ಬಾಟಲಿ, ಕೊಡೆಯ ಜೊತೆ ಬ್ಯಾಗಿನಲ್ಲಿ ಹೊರುವವನಿಗೆ ಆ ಕಾಲು ಕಿಲೋ ವ್ಯತ್ಯಾಸ ಹೆಗಲಿಗೆ ತಿಳಿಯುತ್ತದೆ.

ಅವ್ವನ ಹಳೆಯ ಇಳಕಲ್ ಸೀರೆಯ ಸೆರಗಿನ ಕಡೆಯ ತುಂಡನ್ನು ಎರಡು ಪದರು ಮಾಡಿ ಹೊಲಿಸಿದ ಚೀಲದಲ್ಲಿ ಇದು ಇರುತ್ತದೆ. ಅಂಗಡಿಯಲ್ಲಿ ಸಿಗುವ ಗಟ್ಟಿ ಕವರೂ ಇದೆ, ಆದರೆ ಈ ಚೀಲದಿಂದ ತೆಗೆದಾಗ ಪರದೆ ತಾನೇ ಒರೆಸಿಕೊಂಡು ಬಂದಿರುತ್ತದೆ. ಬೆಳಿಗ್ಗೆ ಚಹಾ ಕುದಿಯುವಾಗ ಚಾರ್ಜಿನಿಂದ ಬಿಡಿಸಿ, ಜಾಯ್‌ಕಾನ್‌ಗಳನ್ನು ಮೇಲಿನಿಂದ ಜಾರಿಸಿ ಕೂಡಿಸುತ್ತೇನೆ. ಎಡಕ್ಕೊಂದು 'ಟಕ್', ಬಲಕ್ಕೊಂದು 'ಟಕ್'. ಆ ಎರಡು ಸಪ್ಪಳ ಕೇಳಿದ ಮೇಲೆಯೇ ನಾನು ಕೆಲಸಕ್ಕೆ ಹೊರಟೆ ಅಂತ ಮನೆಯವರಿಗೆ ಗೊತ್ತಾಗುವುದು.

ರೈಲಿನಲ್ಲಿ ನಾನು ಆಡುವುದು ಸ್ಟಾರ್‌ಡ್ಯೂ ವ್ಯಾಲಿ, ಅಮೆರಿಕದ ಎರಿಕ್ ಬರೋನ್ ಒಬ್ಬರೇ ವರ್ಷಗಟ್ಟಲೆ ಕೂತು ಮಾಡಿದ ಒಕ್ಕಲುತನದ ಆಟ. ಬಂಜರು ಬಿದ್ದ ಅಜ್ಜನ ಹೊಲವನ್ನು ಹಸನು ಮಾಡಬೇಕು, ಬಿತ್ತಬೇಕು, ನೀರು ಹಾಕಬೇಕು, ಊರವರ ಜೊತೆ ಬೆರೆಯಬೇಕು. ಆ ಆಟದ ಒಂದು ದಿನ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಹಾಗಾಗಿ ನನಗೊಂದು ಲೆಕ್ಕ ಕೂತುಬಿಟ್ಟಿದೆ, ಗದಗಿನಿಂದ ಹುಬ್ಬಳ್ಳಿ ಅಂದರೆ ಹೊಲದಲ್ಲಿ ನಾಲ್ಕು ದಿನ. ಆಟದ ಮೊದಲ ಬೆಳೆ ಪಾರ್ಸ್ನಿಪ್, ನಮ್ಮ ಗಜ್ಜರಿಯನ್ನೇ ಬಿಳಿ ಮಾಡಿದಂತಿರುವ ಗಡ್ಡೆ. ಅದಕ್ಕೆ ಬೇಕಾದದ್ದೂ ನಾಲ್ಕೇ ದಿನ. ಗದಗ ಬಿಡುವಾಗ ಬಿತ್ತಿದರೆ ಹುಬ್ಬಳ್ಳಿ ಹತ್ತಿರ ಬರುವಾಗ ಕೀಳಬಹುದು. ನನ್ನ ಹೊಲಕ್ಕೆ 'ಬೆಣ್ಣೆಹಳ್ಳ' ಅಂತ ಹೆಸರಿಟ್ಟೆ. ಕನ್ನಡ ಅಕ್ಷರ ಅಲ್ಲಿ ಬರುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಬರೆದೆ, ಓದುವಾಗ ಮಾತ್ರ ನಮ್ಮ ಹಳ್ಳವೇ.

ಗುಂಡಿಯ ಮಹತ್ವ ಇಲ್ಲೇ ಇರುವುದು. ಸ್ಟಾರ್‌ಡ್ಯೂದಲ್ಲಿ ಬೇಕೆಂದಾಗ ಸೇವ್ ಮಾಡಲು ಬರುವುದಿಲ್ಲ. ರಾತ್ರಿ ಮನೆಗೆ ಹೋಗಿ ಹಾಸಿಗೆಯಲ್ಲಿ ಮಲಗಿದಾಗಲೇ ಆ ದಿನ ಉಳಿಯುವುದು. ಪಿಸಿಯಲ್ಲಿ ಕರೆಂಟ್ ಹೋದರೆ ಬೆಳಿಗ್ಗೆಯಿಂದ ಮಾಡಿದ್ದೆಲ್ಲ ನೀರಲ್ಲಿ ಹೋಮ. ಇಲ್ಲಿ ಹೊಲದಲ್ಲಿ ಮಧ್ಯಾಹ್ನ ಒಂದು ಗಂಟೆಗೆ, ಕೈಯಲ್ಲಿ ನೀರಿನ ಝಾರಿ ಹಿಡಿದು ನಿಂತಿದ್ದಾಗ ರೈಲು ಹುಬ್ಬಳ್ಳಿ ತಲುಪಿತು ಅನ್ನಿ, ಒತ್ತಿ ಚೀಲಕ್ಕೆ ಹಾಕಿ ಇಳಿಯುತ್ತೇನೆ. 1,507 ಮೀಟರ್ ಉದ್ದದ ಆ ಪ್ಲಾಟ್‌ಫಾರ್ಮ್ ಇರುವ ಸ್ಟೇಷನ್ನು, ಜನಜಂಗುಳಿ, ಆಫೀಸು, ಜಿಎಸ್‌ಟಿ, ಗಿರಾಕಿಗಳ ಫೋನು ಎಲ್ಲ ಮುಗಿದು ಸಂಜೆ ಸೀಟು ಸಿಕ್ಕಿ ತೆರೆದರೆ ಅಲ್ಲಿ ಇನ್ನೂ ಮಧ್ಯಾಹ್ನ ಒಂದು ಗಂಟೆ. ಝಾರಿ ಕೈಯಲ್ಲೇ ಇರುತ್ತದೆ. ಇಡೀ ದಿನ ಒಬ್ಬರು ನನಗೋಸ್ಕರ ಕಾದು ನಿಂತಿದ್ದಾರೆ ಅನ್ನಿಸುತ್ತದೆ. ಒಮ್ಮೆ ಮಾತ್ರ ಚಾರ್ಜ್ ಹಾಕುವುದನ್ನು ಮರೆತು ಬ್ಯಾಟರಿ ಪೂರ್ತಿ ಇಳಿದು ಒಂದು ದಿನದ ಕೆಲಸ ಹೋಯಿತು. ಅಂದಿನಿಂದ ಚಾರ್ಜರ್ ಆಫೀಸಿನ ಡ್ರಾಯರಿನಲ್ಲೂ ಒಂದಿದೆ.

ಒಂದು ಸಂಜೆ ಅಣ್ಣಿಗೇರಿಗೆ ಹೊರಟಿದ್ದ ಅಜ್ಜ ಒಬ್ಬರು ಪಕ್ಕದಲ್ಲಿ ಕೂತಿದ್ದರು. ಬಹಳ ಹೊತ್ತು ಪರದೆಯನ್ನೇ ನೋಡಿ ಕೇಳಿದರು:

"ಏನೋ ತಮ್ಮಾ ಇದು, ಹೊಲಾ ಕಂಡಂಗ ಕಾಣ್ತೈತಲ್ಲ?"

"ಹೌದ್ರಿ ಅಜ್ಜಾರ, ಆಟದ ಹೊಲಾರಿ."

"ನೀರ್ ದಿನಾ ಹಾಕಬೇಕೇನು?"

"ಮಳಿ ಬಂದ್ರ ಬ್ಯಾಡ್ರಿ. ನಾಳೆ ಮಳಿ ಐತೋ ಇಲ್ಲೋ ಅಂತ ಟಿವ್ಯಾಗ ಮದ್ಲಾ ಹೇಳ್ತಾರ್ರಿ."

"ಹೇಳಿದಂಗ ಬರ್ತೈತಿ?"

"ಬರ್ತೈತ್ರಿ."

ಅಜ್ಜ ಕಿಟಕಿಯಾಚೆ ಎರಿ ಹೊಲಗಳ ಕಡೆ ನೋಡಿದರು. "ಅಷ್ಟ್ ಆದ್ರ ಸಾಕ ನೋಡಪಾ" ಅಂದರು. ಇಳಿಯುವವರೆಗೆ ನಾನು ಬಿತ್ತಿದ ಸಾಲುಗಳನ್ನು ನೋಡುತ್ತಾ, ಯಾವ ಮೂಲೆಯಲ್ಲಿ ಕಸ ಬೆಳೆದಿದೆ ಅಂತ ಬೆರಳು ಮಾಡಿ ತೋರಿಸುತ್ತಿದ್ದರು. ಪಿಸಿ ಮುಂದೆ ಕೂತು ಆಡಿದ ಇಷ್ಟು ವರ್ಷಗಳಲ್ಲಿ ಹೀಗೆ ಯಾರೂ ನನ್ನ ಪಕ್ಕ ಕೂತು ಆಟ ನೋಡಿರಲಿಲ್ಲ.

ಇನ್ನು ಸಿಟ್ಟು ತರಿಸಿದ ವಿಷಯ. ಸ್ವಿಚ್ ಓಎಲ್‌ಇಡಿಯ ಒಳಗಿರುವುದು 64 ಜಿಬಿ ಜಾಗ, ಡೌನ್‌ಲೋಡ್ ಆಟಗಳನ್ನು ಇಟ್ಟುಕೊಳ್ಳುವವರಿಗೆ ಮೆಮೊರಿ ಕಾರ್ಡ್ ಬೇಕೇ ಬೇಕು. ಹುಬ್ಬಳ್ಳಿಯ ಒಂದು ಮೊಬೈಲ್ ಅಂಗಡಿಯಲ್ಲಿ 512 ಜಿಬಿ ಕಾರ್ಡ್ 1,100 ರೂಪಾಯಿಗೆ ಸಿಕ್ಕಿತು. ಮೊದಲ ಎರಡು ಮೂರು ಆಟ ಸುಸೂತ್ರವಾಗಿ ಕೂತವು. ಆಮೇಲೆ ಒಂದು ದೊಡ್ಡ ಆಟ ಇಳಿಸಿದೆ, ಅದೂ ಇಳಿಯಿತು. ಮಾರನೇ ದಿನ ರೈಲಿನಲ್ಲಿ ತೆರೆದರೆ ಸ್ಟಾರ್‌ಡ್ಯೂ ತೆರೆಯಲೇ ಇಲ್ಲ, ದತ್ತಾಂಶ ಕೆಟ್ಟಿದೆ ಅಂತ ಬಂತು. ಒಂದಾದ ಮೇಲೊಂದು ಎಲ್ಲವೂ ಹಾಗೆಯೇ. ನಾನೂರು ತಾಸಿಗೂ ಮಿಕ್ಕಿ ದುಡಿದ ಹೊಲ. ಅವತ್ತು ಹುಲಕೋಟಿಯಿಂದ ಹುಬ್ಬಳ್ಳಿವರೆಗೆ ಕಪ್ಪು ಪರದೆ ಹಿಡಿದುಕೊಂಡು ಕೂತಿದ್ದೆ.

ಕಾರಣ ಹುಡುಕಿಕೊಟ್ಟದ್ದು ಪಿಸಿಯೇ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಒಂದು ಚಿಕ್ಕ ಉಚಿತ ಪ್ರೋಗ್ರಾಂ ಇದೆ. ಅದು ಕಾರ್ಡಿನ ತುಂಬಾ ಬರೆದು, ಬರೆದದ್ದು ಬರೆದಂತೆ ಇದೆಯೇ ಅಂತ ಮತ್ತೆ ಓದಿ ನೋಡುತ್ತದೆ. ರಾತ್ರಿಯಿಡೀ ಓಡಿಸಿದೆ. 512 ಅಂತ ಬರೆದುಕೊಂಡಿದ್ದ ಕಾರ್ಡಿನಲ್ಲಿ ನಿಜವಾಗಿ ಇದ್ದದ್ದು ಸುಮಾರು 29 ಜಿಬಿ. ಇಂಥ ನಕಲಿ ಕಾರ್ಡುಗಳ ಒಳಗಿನ ಚಿಪ್ಪಿಗೆ ಸುಳ್ಳು ಹೇಳುವುದನ್ನು ಕಲಿಸಿರುತ್ತಾರೆ. ಯಂತ್ರ ಕೇಳಿದರೆ 512 ಅನ್ನುತ್ತದೆ, ನಿಜವಾದ ಜಾಗ ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ, ಇಲ್ಲವೇ ಬರೆದಂತೆ ನಟಿಸಿ ಬಿಟ್ಟುಬಿಡುತ್ತದೆ. ಅಂಗಡಿಯವನು "ಸೀಲ್ ಒಡದೀರಿ, ವಾಪಸ್ ಆಗಂಗಿಲ್ರಿ ಸರ" ಅಂದ. ನಾಲ್ಕು ಜನ ಗಿರಾಕಿಗಳ ಮುಂದೆ ಹಾಗೆ ಅನ್ನಿಸಿಕೊಂಡು ಬಂದ ನೋವು ದುಡ್ಡಿಗಿಂತ ದೊಡ್ಡದು. ದಯವಿಟ್ಟು ಕಾರ್ಡ್ ಕೊಂಡ ದಿನವೇ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ, ಬಿಲ್ ಕೊಡದ ಕಡೆ ಕೊಳ್ಳಬೇಡಿ.

ಬೇರೆ ಕಾರ್ಡ್ ತಂದೆ, ಈ ಸಲ ಬಿಲ್ ಸಮೇತ. ಆಟ ಮತ್ತೆ ಇಳಿಸಿ, ಹೊಸದಾಗಿ ಶುರು ಮಾಡಲು ಮನಸ್ಸು ಗಟ್ಟಿ ಮಾಡಿಕೊಂಡು ತೆರೆದೆ. ಬೆಣ್ಣೆಹಳ್ಳ ಇತ್ತು. ಕೋಳಿಗೂಡು, ಬೇಲಿ, ನಾಯಿ, ಎಲ್ಲವೂ ಇತ್ತು. ಸ್ವಿಚ್‌ನಲ್ಲಿ ಆಟ ಮಾತ್ರ ಕಾರ್ಡಿಗೆ ಹೋಗುತ್ತದೆ, ನಾವು ಆಡಿದ ಸೇವ್ ಯಾವಾಗಲೂ ಯಂತ್ರದ ಒಳಗಿನ ಮೆಮೊರಿಯಲ್ಲೇ ಉಳಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಅವ್ವನನ್ನು ಕರೆದು ತೋರಿಸಿದೆ. ಆಕೆಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ "ಹೋದದ್ದು ಬಂತಲ್ಲ, ಚೊಲೋ ಆತು" ಅಂತ ತಲೆ ಸವರಿದಳು.

ಖರ್ಚಿನ ವಿಷಯದಲ್ಲಿ ಪಿಸಿಯೇ ಗೆಲ್ಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲಿರುತ್ತದೆ, ಬೇಸಿಗೆ ಮತ್ತು ಚಳಿಗಾಲದ ಸೇಲ್‌ನಲ್ಲಿ ಹಳೆಯ ಆಟಗಳು ಊಟದ ದುಡ್ಡಿಗೆ ಸಿಗುತ್ತವೆ. ಸ್ವಿಚ್‌ಗೆ ನಮ್ಮ ದೇಶದ ಇ-ಶಾಪ್, ಅಂದರೆ ನಿಂಟೆಂಡೊದ ಆನ್‌ಲೈನ್ ಅಂಗಡಿ, ಇಲ್ಲದ ಕಾರಣ ಬೇರೆ ದೇಶದ ಖಾತೆ ತೆರೆದು ಡಾಲರ್ ಲೆಕ್ಕದ ಗಿಫ್ಟ್ ಕೋಡ್ ಕೊಳ್ಳಬೇಕಾಯಿತು. ನಿಂಟೆಂಡೊದ ಸ್ವಂತ ಆಟಗಳ ಬೆಲೆ ವರ್ಷಗಳಾದರೂ ಹೆಚ್ಚು ಇಳಿಯುವುದಿಲ್ಲ. ಹೊಸ ಅಪ್‌ಡೇಟ್‌ಗೂ ಕಾಯಬೇಕು. ಸ್ಟಾರ್‌ಡ್ಯೂದ 1.6 ಪಿಸಿಗೆ 2024ರ ಮಾರ್ಚ್‌ನಲ್ಲಿ ಬಂತು, ಸ್ವಿಚ್‌ನಂಥ ಕನ್ಸೋಲ್‌ಗೆ ನವೆಂಬರ್‌ನಲ್ಲಿ. ಅಷ್ಟು ತಿಂಗಳು ಮನೆಯ ಪಿಸಿಯಲ್ಲೇ ಆಡಬಹುದಿತ್ತು, ಆಡಲಿಲ್ಲ. ಆ ಹೊಲ ನನಗೆ ರೈಲಿನದು.

ಆಟ ತುಂಬಿಸಿ ಮಾರುವ ಪುಟ್ಟ ಬಿಲ್ಲೆ, ಅಂದರೆ ಕಾರ್ಟ್ರಿಜ್‌ಗೆ ಒಂದು ಗುಣವಿದೆ, ಆಡಿ ಮುಗಿಸಿ ಮಾರಬಹುದು. ಜೆಲ್ಡಾ ಸರಣಿಯ ಟಿಯರ್ಸ್ ಆಫ್ ದ ಕಿಂಗ್‌ಡಮ್ ಅನ್ನು ಸ್ವಿಚ್ ಜೊತೆಗೇ ಕೊಂಡಿದ್ದೆ, ಏಳು ತಿಂಗಳು ಆಡಿ ಧಾರವಾಡದ ಗೆಳೆಯನೊಬ್ಬನಿಗೆ ಮುಕ್ಕಾಲು ಬೆಲೆಗೆ ಕೊಟ್ಟೆ. ಸ್ಟೀಮ್‌ನಲ್ಲಿ ಕೊಂಡದ್ದನ್ನು ಹೀಗೆ ಕೈ ದಾಟಿಸಲಾಗದು. ಪುಟ್ಟ ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು: ಮಕ್ಕಳು ನುಂಗಬಾರದೆಂದು ಕಾರ್ಟ್ರಿಜ್‌ಗೆ ಡೆನಟೋನಿಯಂ ಬೆಂಜೊಯೇಟ್ ಎಂಬ ಕಹಿ ವಸ್ತು ಸವರಿರುತ್ತಾರೆ. ಅಣ್ಣನ ಮಗಳು ಐದು ವರ್ಷದವಳಿದ್ದಾಗ ನಾಲಿಗೆಗೆ ಇಟ್ಟುಕೊಂಡು "ಕಾಕಾ, ಬೇವಿನಕಾಯಿ!" ಅಂತ ಕೂಗಿ ಉಗುಳಿದಳು. ಎರಡನೇ ಸಲ ಬಾಯಿಗೆ ಹಾಕಲಿಲ್ಲ.

ಅದೇ ಹುಡುಗಿ ಈಗ ಭಾನುವಾರ ಮಾರಿಯೊ ಕಾರ್ಟ್ 8 ಡಿಲಕ್ಸ್‌ನಲ್ಲಿ ನನ್ನನ್ನು ಸೋಲಿಸುತ್ತಾಳೆ. ಟಿವಿಗೆ ಜೋಡಿಸಿ, ಎರಡು ಜಾಯ್‌ಕಾನ್ ಬಿಚ್ಚಿ ಅಡ್ಡ ಹಿಡಿದರೆ ಇಬ್ಬರಿಗಾಯಿತು. ಗಾಡಿ ರಸ್ತೆ ಬಿಟ್ಟು ಬೀಳದಂತೆ ತಡೆಯುವ ಸ್ಮಾರ್ಟ್ ಸ್ಟಿಯರಿಂಗ್ ಅದರಲ್ಲಿದೆ. ಅದನ್ನು ಹಾಕಿ ಒಂದು ದಿನ ಅವ್ವನ ಕೈಗೆ ಕೊಟ್ಟೆವು. ಎಡಕ್ಕೆ ತಿರುಗಿಸುವಾಗ ಇಡೀ ಮೈ ಎಡಕ್ಕೆ ವಾಲಿಸುತ್ತಾ, ಹನ್ನೆರಡು ಜನರಲ್ಲಿ ಒಂಬತ್ತನೆಯವಳಾಗಿ ಮುಗಿಸಿ, "ಇನ್ನೊಮ್ಮಿ ಹಚ್ಚು" ಅಂದಳು. 61 ವರ್ಷದ ಅವ್ವ ಒಂದು ಆಟ ಕೇಳಿ ಆಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇತ್ತೀಚೆಗೆ ಕೊಂಡದ್ದು ಹಾಲೋ ನೈಟ್: ಸಿಲ್ಕ್‌ಸಾಂಗ್, 2025ರ ಸೆಪ್ಟೆಂಬರ್ 4ರಂದು ಬಂದದ್ದು, 20 ಡಾಲರ್. ಕತ್ತಲೆ ಗವಿಗಳ ಆಟ, ರೈಲಿನ ಕಿಟಕಿ ಬೆಳಕಿಗೆ ಒಗ್ಗುವುದಿಲ್ಲ. ರಾತ್ರಿ ದೀಪ ಆರಿಸಿ ಮಲಗಿ ಆಡುತ್ತೇನೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವುದರಿಂದ ಕಪ್ಪು ಬಂದಲ್ಲಿ ಬೆಳಕೇ ಇರುವುದಿಲ್ಲ, ಆಟದ ನಾಯಕಿ ಹಾರ್ನೆಟ್ಟಿನ ಕೆಂಪು ಮೇಲುಡುಗೆ ಕೋಣೆಯ ಕತ್ತಲೆಯಲ್ಲೇ ತೇಲಿದಂತೆ ಕಾಣುತ್ತದೆ. ನನ್ನ ಪಿಸಿಯ ಮಾನಿಟರಿನಲ್ಲಿ ಈ ಕಪ್ಪು ಕಪ್ಪಲ್ಲ, ಬೂದಿ. ಏಜ್ ಆಫ್ ಎಂಪೈರ್ಸ್ 2 ಥರದ, ಮೌಸ್ ಬೇಡುವ ಆಟಗಳಿಗೆ ಮಾತ್ರ ಈಗಲೂ ಪಿಸಿ.

ಸ್ವಿಚ್ 2 ತೆಗೆದುಕೊಳ್ಳಲೇ ಅಂತ ಮೂವರು ಕೇಳಿದ್ದಾರೆ. 2025ರ ಜೂನ್‌ನಲ್ಲಿ ಬಂದ ಅದರ ಪರದೆ 7.9 ಇಂಚು, ಶಕ್ತಿಯೂ ಹೆಚ್ಚು. ಆದರೆ ತೂಕ 534 ಗ್ರಾಂ, ಪರದೆ ಎಲ್‌ಸಿಡಿ, ಬ್ಯಾಟರಿ ಕಂಪನಿ ಹೇಳುವಂತೆ ಎರಡರಿಂದ ಆರೂವರೆ ತಾಸು, ನನ್ನದರಲ್ಲಿ ನಾಲ್ಕೂವರೆಯಿಂದ ಒಂಬತ್ತು. ಆಟ ಇಡಲು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು, ಬಿಲ್ ಸಮೇತ ತಂದ ನನ್ನ ಕಾರ್ಡ್ ಅಲ್ಲಿ ಉಪಯೋಗಕ್ಕಿಲ್ಲ. ಮನೆಯಲ್ಲೇ ಟಿವಿ ಮುಂದೆ ಆಡುವವರು, ಕೈಯಲ್ಲಿ ದುಡ್ಡಿದ್ದವರು ಅದನ್ನೇ ಕೊಳ್ಳಿ. ಬಸ್ಸು ರೈಲಿನಲ್ಲಿ ದಿನ ಕಳೆಯುವವರು, 30 ಸಾವಿರದೊಳಗೆ ಮುಗಿಸಬೇಕೆನ್ನುವವರು ಹಳೆಯ ಓಎಲ್‌ಇಡಿಯನ್ನೇ ಹುಡುಕಿ.

1.6 ಬಂದ ಮೇಲೆ ಹುಲ್ಲುಗಾವಲಿನ ಹೊಸ ಹೊಲ ಶುರು ಮಾಡಿದ್ದೇನೆ. ಅಲ್ಲೀಗ ಕುಂಬಳದ ಕಾಲ. ಕುಂಬಳಕ್ಕೆ 13 ದಿನ ಬೇಕು. ಈ ಸೋಮವಾರ ಬೆಳಿಗ್ಗೆ ಗದಗ ಬಿಡುತ್ತಲೇ ಮೂರು ಸಾಲು ಬಿತ್ತಿದ್ದೇನೆ, ನಾಳೆ ಸಂಜೆ ಹುಬ್ಬಳ್ಳಿಯಿಂದ ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಕಾಯಿ ಬಲಿತಿರುತ್ತವೆ.