ರೆಡಿಮೇಡ್ ವಿಂಡೋಸ್ ಪೆನ್‌ಡ್ರೈವ್ ತಗೋಬೇಡಿ, ನನ್ನ ಡಿಸ್ಕ್ ಪೂರ್ತಿ ಹೋಯ್ತು

"ಪೆನ್‌ಡ್ರೈವ್ ಹಾಕಿ, ಆನ್ ಮಾಡಿ, ಅಷ್ಟೇ. ಒಂದು ಪ್ರಶ್ನೆನೂ ಕೇಳಲ್ಲ." ಹೀಗೆ ಹೇಳಿಕೊಂಡು ಆನ್‌ಲೈನ್‌ನಲ್ಲಿ ವಿಂಡೋಸ್ 11 ಪೆನ್‌ಡ್ರೈವ್ ಮಾರುವವರನ್ನು ನಂಬಬೇಡಿ. ದಯವಿಟ್ಟು ನಂಬಬೇಡಿ. ನಿಜವಾಗಿಯೂ ಏನೂ ಕೇಳಲಿಲ್ಲ. ಕೇಳದೆಯೇ ನನ್ನ ಡಿಸ್ಕ್ ಅಳಿಸಿಹಾಕಿತು.

ವಿಂಡೋಸ್ ಹಾಕಿದವರಿಗೆಲ್ಲ ಗೊತ್ತು, ಡಿಸ್ಕಿನ ಯಾವ ಭಾಗಕ್ಕೆ, ಅಂದರೆ ಯಾವ ಪಾರ್ಟಿಶನ್‌ಗೆ ಹಾಕಬೇಕು ಅಂತ ಒಂದು ಪಟ್ಟಿ ಬರುತ್ತೆ. ಸಿ ಒಂದನ್ನೇ ಫಾರ್ಮ್ಯಾಟ್ ಮಾಡಿ ಡಿ ಹಾಗೇ ಬಿಡ್ತೀವಿ. ನಾನು ಆ ಪಟ್ಟಿಗೇ ಕಾಯ್ತಾ ಕೂತಿದ್ದೆ. ಅದು ಬರಲೇ ಇಲ್ಲ, ನೇರ ಶೇಕಡಾವಾರು ಏರೋಕೆ ಶುರುವಾಯ್ತು. ಡೆಸ್ಕ್‌ಟಾಪ್ ಬಂದ ಮೇಲೆ ನೋಡಿದರೆ ಸಿ ಮಾತ್ರ ಇದೆ. ಡಿ ಇಲ್ಲ. ಮನೆಯವರ ಫೋಟೊ, ಕೆಲಸದ ಫೈಲು, ಎಲ್ಲ ಅದರಲ್ಲೇ ಇತ್ತು. ಮನೆಯಲ್ಲಿ ಯಾರಿಗೂ ಮುಖ ತೋರಿಸೋಕೆ ಆಗಲಿಲ್ಲ.

ಮಾರಿದವನಿಗೆ ಮೆಸೇಜ್ ಮಾಡಿದೆ. "ಇನ್‌ಸ್ಟಾಲ್ ಆಯ್ತಲ್ಲ ಸರ್?" ಅಂದ. ಡಿ ಡ್ರೈವ್ ಎಲ್ಲಿ ಅಂತ ಕೇಳಿದೆ. "ಫ್ರೆಶ್ ಇನ್‌ಸ್ಟಾಲ್ ಅಂದ್ರೆ ಹಾಗೇ ಸರ್." ಹಾಗಲ್ಲ! ಇಡೀ ಡಿಸ್ಕ್ ಅಳಿಸುತ್ತೆ ಅಂತ ಎಲ್ಲಿ ಬರೆದಿದ್ದೀರಿ, ತೋರಿಸಿ ಅಂದೆ. ಅದಕ್ಕೆ ಉತ್ತರವೇ ಇಲ್ಲ.

ಆಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಆ ಪೆನ್‌ಡ್ರೈವ್ ತೆರೆದು ನೋಡಿದೆ. ಯಾವ ಫೋಲ್ಡರ್ ಒಳಗೂ ಅಲ್ಲ, ಹೊರಗೇ ಆಟೋಅನಟೆಂಡ್.ಎಕ್ಸ್‌ಎಂಎಲ್ ಅನ್ನೋ ಫೈಲ್ ಇತ್ತು. ಸೆಟಪ್ ಕೇಳೋ ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಬರೆದಿಡೋ ಫೈಲ್ ಅದು. ನೂರಾರು ಕಂಪ್ಯೂಟರ್ ಇರೋ ಆಫೀಸುಗಳಲ್ಲಿ ಬಳಸ್ತಾರೆ, ಅದರಲ್ಲಿ ತಪ್ಪೇನಿಲ್ಲ. ನೋಟ್‌ಪ್ಯಾಡ್‌ನಲ್ಲೇ ಓದಬಹುದು. ಇದರಲ್ಲಿ ಡಿಸ್ಕ್ 0 ಅಂತ ಇತ್ತು, ಅದರ ಜೊತೆಗೇ ವಿಲ್‌ವೈಪ್‌ಡಿಸ್ಕ್, ಟ್ರೂ. ಅಂದರೆ ಮೊದಲನೇ ಡಿಸ್ಕನ್ನು ಪೂರ್ತಿ ಅಳಿಸು, ಯಾರನ್ನೂ ಕೇಳಬೇಡ. ಅದನ್ನು ಓದಿದಾಗ ಕೈ ನಡುಗಿತು.

ಅಷ್ಟಕ್ಕೇ ಮುಗಿಯಲಿಲ್ಲ. ಕೆಳಗೆ ನಾನು ಕೇಳೇ ಇರದ ಹೆಸರಲ್ಲಿ ಒಂದು ಅಡ್ಮಿನ್ ಅಕೌಂಟ್, ಅದರ ಪಾಸ್‌ವರ್ಡ್. ಜೊತೆಗೆ ಇಡೀ ಸಿ ಡ್ರೈವನ್ನು ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಸ್ಕ್ಯಾನ್ ಮಾಡದ ಹಾಗೆ ಹೊರಗಿಡೋ ಕಮಾಂಡ್. ಇದೇನು ಅಂತ ಕೇಳಿದರೆ, "ಅದು ಸಪೋರ್ಟ್‌ಗೆ ಸರ್, ಎಲ್ಲರಿಗೂ ಹಾಗೇ ಕೊಡೋದು." ಎಲ್ಲರಿಗೂ! ಎಷ್ಟು ಜನರ ಮನೆಯ ಕೀಲಿಕೈ ಇವನ ಹತ್ತಿರ ಇದೆಯೋ. ಲೈಫ್‌ಟೈಮ್ ಆಕ್ಟಿವೇಶನ್ ಅಂದಿದ್ದ, ಅದೂ ಸುಳ್ಳು, 180 ದಿನದೊಳಗೆ ನವೀಕರಿಸುತ್ತಿರಬೇಕಾದ ಕೆಎಂಎಸ್ ಅದು, ದೊಡ್ಡ ಆಫೀಸುಗಳಿಗಂತ ಇರೋ ಆಕ್ಟಿವೇಶನ್ ವಿಧಾನ. ದುಡ್ಡು ವಾಪಸ್ ಕೊಡಿ ಅಂದೆ. "ಸೀಲ್ ಒಡೆದಿದ್ದೀರಲ್ಲ ಸರ್." ಆಮೇಲೆ ಬ್ಲಾಕ್.

ಇದಕ್ಕೆಲ್ಲ ದುಡ್ಡು ಕೊಡೋ ಅಗತ್ಯವೇ ಇಲ್ಲ. ಇಂಥ ಪೆನ್‌ಡ್ರೈವ್ ಮಾಡಿಕೊಡೋ ಮೀಡಿಯಾ ಕ್ರಿಯೇಶನ್ ಟೂಲನ್ನು ಮೈಕ್ರೋಸಾಫ್ಟ್ ತನ್ನ ಸೈಟ್‌ನಲ್ಲೇ ಉಚಿತವಾಗಿ ಕೊಡುತ್ತೆ, 8 ಜಿಬಿ ಪೆನ್‌ಡ್ರೈವ್ ಸಾಕು. ಪ್ರಶ್ನೆ ಕಡಿಮೆ ಬೇಕಿದ್ದರೆ, ಪೆನ್‌ಡ್ರೈವ್ ಮಾಡಿಕೊಡೋ ಇನ್ನೊಂದು ಉಚಿತ ಸಾಫ್ಟ್‌ವೇರ್ ರೂಫಸ್‌ನಲ್ಲಿ ಟಿಕ್ ಮಾಡಿ, ಯಾವುದನ್ನು ಬಿಡಬೇಕು ಅಂತ ನೀವೇ ಆರಿಸಬಹುದು. ಐಎಸ್‌ಒ, ಅಂದರೆ ವಿಂಡೋಸ್ ಸೆಟಪ್ ಪೂರ್ತಿ ಇರೋ ಫೈಲ್, ಬೇರೆ ಕಡೆಯಿಂದ ಬಂದಿದ್ದರೆ ಶಾ-256 (ಫೈಲ್ ತಿದ್ದಿದ್ದಾರೋ ಅಂತ ತೋರಿಸೋ ಗುರುತು) ಮೈಕ್ರೋಸಾಫ್ಟ್ ಕೊಟ್ಟಿರೋದರ ಜೊತೆ ತಾಳೆ ನೋಡಿ.

ಇಂಥ ಪೆನ್‌ಡ್ರೈವ್ ಈಗಾಗಲೇ ತಗೊಂಡಿದ್ದರೆ ಆ ಒಂದು ಫೈಲ್ ಅಳಿಸಿ ಸುಮ್ಮನಾಗಬೇಡಿ, ಒಳಗಿನ ವಿಂಡೋಸನ್ನೇ ತಿದ್ದಿರಬಹುದು. ಪೂರ್ತಿ ಫಾರ್ಮ್ಯಾಟ್ ಮಾಡಿ. ಅದರಿಂದ ವಿಂಡೋಸ್ ಹಾಕಿಬಿಟ್ಟಿದ್ದರೆ ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರ್‌ನಿಂದ ಇವತ್ತೇ ಬದಲಿಸಿ.